ನಲ್ಲಿ ಮನೆಯೊಳಗೆ ಬಂದಿದೆ, ಲೆಕ್ಕ ಬಿಡಬೇಡಿ

ನಾನು ಮದುವೆಯಾಗಿ ಬೆಂಗಳೂರಿಗೆ ಬಂದಾಗ ಮನೆ ಹಿಂದೆ ಬಾವಿ, ಮುಂದೆ ಬೀದಿ ನಲ್ಲಿ. ಆಗ ಊರಿಗೆಲ್ಲಾ ಅರ್ಕಾವತಿ ಹೊಳೆಯ ನೀರು. ಮೊದಲು ಹೆಸರಘಟ್ಟ ಕೆರೆಯದು, 1933ರಿಂದ ತಿಪ್ಪಗೊಂಡನಹಳ್ಳಿ ಜಲಾಶಯದ್ದೂ ಸೇರಿತ್ತು. ಬೆಳಿಗ್ಗೆ ಆರು ಕೊಡ ಹೊತ್ತರೆ ಅಡುಗೆ, ಕುಡಿಯೋದು ಎಲ್ಲ ಅದರಲ್ಲೇ ಆಗಬೇಕು. ಸೊಂಟಕ್ಕೆ ಗೊತ್ತಿರುತ್ತಿತ್ತು, ಎಷ್ಟು ನೀರು ಖರ್ಚಾಯಿತು ಅಂತ. 1974ರಲ್ಲಿ ಕಾವೇರಿ ಬಂತು. ಆಮೇಲೆ ಒಂದೊಂದೇ ಮನೆಯವರು ಬಾವಿ ಮುಚ್ಚಿಸಿದರು, ನಾವೂ ಮುಚ್ಚಿಸಿದೆವು, ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಈ ಕಾವೇರಿ ನೀರು ಸುಮ್ನೆ ಹರಿದು ಬರುವುದಿಲ್ಲ. ಸುಮಾರು 100 ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ, ಮೂರು ಕಡೆ ಪಂಪ್ ಮಾಡಿ ಏರಿಸುತ್ತಾರೆ. ಅಂಥ ನೀರಲ್ಲಿ ಕಾರು ತೊಳೆಯಬೇಡಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಲ್ಲಿ ಗಾಡಿ ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಬೇಕಾಯಿತಲ್ಲ. ಆ ಅಕ್ಟೋಬರ್‌ನಲ್ಲಿ ಕಾವೇರಿ ಯೋಜನೆಯ ಐದನೇ ಹಂತದ ನೀರು ಬಂತು, ಹೊರವಲಯದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್. ಸಂತೋಷವೇ. ಆದರೆ ಬಳಸುವ ಕೈ ಬದಲಾಗದಿದ್ದರೆ ಅದೂ ಸಾಲದು.

ಮೊದಲು ಸೋರಿಕೆ ಹುಡುಕಿ. ರಾತ್ರಿ ಮಲಗುವಾಗ ತೊಟ್ಟಿಕ್ಕುವ ನಲ್ಲಿಯ ಕೆಳಗೆ ಒಂದು ಪಾತ್ರೆ ಇಡಿ, ಬೆಳಿಗ್ಗೆ ನೋಡಿದರೆ ನೀವೇ ಪ್ಲಂಬರ್‌ಗೆ ಫೋನ್ ಮಾಡುತ್ತೀರಿ. ಫ್ಲಶ್ ಟ್ಯಾಂಕಿಗೆ ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಬಿಟ್ಟು ಅರ್ಧ ಗಂಟೆ ಯಾರೂ ಫ್ಲಶ್ ಮಾಡದೆ ಬಿಡಿ. ಕೆಳಗೆ ಕಮೋಡ್‌ನಲ್ಲಿ ನೀಲಿ ಕಂಡರೆ ಒಳಗಿನ ವಾಷರ್ ಹೋಗಿದೆ ಅಂತ ಅರ್ಥ. ಈ ಸೋರಿಕೆ ಸದ್ದೇ ಮಾಡುವುದಿಲ್ಲ, ತಿಂಗಳುಗಟ್ಟಲೆ ಗೊತ್ತಾಗಲ್ಲ.

ಮನೆಯಲ್ಲಿ ಆರ್‌ಒ, ಅಂದರೆ ಕುಡಿಯುವ ನೀರು ಶುದ್ಧ ಮಾಡುವ ಯಂತ್ರ ಇರುವವರು ಅದರ ಪಕ್ಕದ, ಬೇಡದ ನೀರು ಹೊರಹೋಗುವ ಸಣ್ಣ ಪೈಪಿನ ಕೆಳಗೆ ಬಕೆಟ್ ಇಡಿ. ಕುಡಿಯುವ ನೀರಿಗಿಂತ ಜಾಸ್ತಿ ಅಲ್ಲೇ ಹೋಗುತ್ತದೆ. ಅದು ನೆಲ ಒರೆಸಲು, ಬಚ್ಚಲು ತೊಳೆಯಲು ಸಾಕು. ಗಿಡಕ್ಕೆ ಮಾತ್ರ ದಿನಾ ಹಾಕಬೇಡಿ, ಉಪ್ಪು ಕೂತು ಎಲೆ ಸುಡುತ್ತದೆ. ಗಿಡಕ್ಕೆ ಅಕ್ಕಿ, ಬೇಳೆ ತೊಳೆದ ನೀರು ಹಾಕಿ, ಕರಿಬೇವು ಹೇಗೆ ಚಿಗುರುತ್ತದೆ ನೋಡಿ.

ಇನ್ನು ಮಳೆ ನೀರು. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ತಾರಸಿ 100 ಚದರ ಮೀಟರ್ ಇದ್ದು 25 ಮಿಲಿಮೀಟರ್ ಸುರಿದರೆ 2500 ಲೀಟರ್, ಅದು ಒಂದೇ ಸಂಜೆಗೆ! ಅಷ್ಟನ್ನೂ ಮೋರಿಗೆ ಬಿಟ್ಟು ಮಾರನೇ ದಿನ ಟ್ಯಾಂಕರ್‌ಗೆ ಕಾಯೋದು ಸರಿನಾ? ಯುಗಾದಿ ಕಳೆದ ಕೂಡಲೇ ತಾರಸಿ ಗುಡಿಸಿ, ಪೈಪಿನ ಬಾಯಿಗೆ ಜಾಲರಿ ಹಾಕಿಸಿ. ಮೊದಲ ಮಳೆಯ ಹತ್ತು ಹದಿನೈದು ನಿಮಿಷದ ನೀರು ಹೊರಗೆ ಹೋಗಲಿ, ಧೂಳು, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲೇ ಇರುತ್ತದೆ. ಆಮೇಲಿನದನ್ನು ಜಲ್ಲಿ, ಇದ್ದಿಲು, ಮರಳು ಹಾಕಿದ ಡ್ರಮ್ಮಿನಲ್ಲಿ ಸೋಸಿ, ಸಂಪು ಅಂದರೆ ನೆಲದೊಳಗಿನ ನೀರಿನ ತೊಟ್ಟಿಗೆ ಬಿಡಿ. ಬಟ್ಟೆಗೆ ಅದರಷ್ಟು ಮೆತ್ತಗಿನ ನೀರು ಇಲ್ಲ, ಸೋಪು ಅರ್ಧ ಸಾಕು. ಸಂಪು ತುಂಬಿದರೆ ಉಳಿದದ್ದು ಇಂಗುಗುಂಡಿಗೆ. ಹಳೇ ಬಾವಿ ಇನ್ನೂ ಇದ್ದರೆ ದಯವಿಟ್ಟು ಮುಚ್ಚಿಸಬೇಡಿ, ಹೂಳು ತೆಗೆಸಿ, ಸೋಸಿದ ಮಳೆ ನೀರನ್ನು ಅದಕ್ಕೇ ಬಿಡಿ.