ಹೂವಿನ ಅಂಗಡಿ ಅಂತ ಅವ್ವನಿಗೆ ಹೇಳಿದ್ದೆ

ಈ ವ್ಯಾಪಾರದಲ್ಲಿ ಗಾಂಜಾಕ್ಕೆ ಗಾಂಜಾ ಅನ್ನುವವರು ಕಡಿಮೆ. ಒಣಗಿಸಿದ ಮೊಗ್ಗಿಗೆ ಎಲ್ಲರೂ 'ಫ್ಲವರ್' ಅಂತಾರೆ. ಹಾಗಾಗಿ ಸುರಪುರದಿಂದ ಅವ್ವ ಫೋನ್ ಮಾಡಿ "ಏನ್ ಅಂಗಡಿ ಹಾಕ್ಲಿಕತ್ತೀಯೋ?" ಅಂತ ಕೇಳಿದಾಗ "ಹೂವಿನ ಅಂಗಡಿ ಅವ್ವಾ" ಅಂದುಬಿಟ್ಟೆ. ಪೂರ್ತಿ ಸುಳ್ಳೇನಲ್ಲ, ಅಲ್ವಾ?

ನನ್ನದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಹ್ಯಾಮಿಲ್ಟನ್‌ನಲ್ಲಿರುವ, ಲೈಸೆನ್ಸ್ ಪಡೆದ ಕ್ಯಾನಬಿಸ್, ಅಂದರೆ ಗಾಂಜಾ ಅಂಗಡಿ. 2021ರ ಏಪ್ರಿಲ್‌ನಲ್ಲಿ ತೆರೆದೆ. ಅದಕ್ಕೂ ಮುಂಚೆ ಒಂಬತ್ತು ವರ್ಷ ಒಂದು ಸೂಪರ್‌ಮಾರ್ಕೆಟ್‌ನಲ್ಲಿ ತರಕಾರಿ ವಿಭಾಗ ನೋಡಿಕೊಳ್ಳುತ್ತಿದ್ದೆ. ನಾನು ಸೇದುವವನಲ್ಲ. ಇಲ್ಲಿರುವ ಕನ್ನಡದ ಹುಡುಗರು ಸಿಕ್ಕಾಗಲೆಲ್ಲ ಕೇಳುವುದು ಎರಡೇ ಮಾತು. ಎಷ್ಟು ದುಡ್ಡು ಹಾಕಬೇಕು, ಎಷ್ಟು ಉಳಿಯುತ್ತದೆ. ನಾನು ಮಾತ್ರ ಬಾಡಿಗೆ ಕರಾರಿನಿಂದಲೇ ಶುರು ಮಾಡುತ್ತೇನೆ. ಅವರಿಗೆ ಬೇಜಾರಾಗುತ್ತದೆ.

ಕಾರಣ ಇದೆ. ಒಂಟಾರಿಯೊದಲ್ಲಿ ಎಲ್ಲ ಅಂಗಡಿಗಳಿಗೂ ಸರಕು ಬರುವುದು ಒಂದೇ ಕಡೆಯಿಂದ. ಒಂಟಾರಿಯೊ ಕ್ಯಾನಬಿಸ್ ಸ್ಟೋರ್ ಅಂತ ಸರ್ಕಾರದ್ದೇ ಸಂಸ್ಥೆ, ನಾವು ಓಸಿಎಸ್ ಅನ್ನುತ್ತೇವೆ. ಸಗಟು ವ್ಯಾಪಾರ ಪೂರ್ತಿ ಅದರದ್ದೇ. ರೈತನ ಹತ್ತಿರ ನೇರ ಹೋಗಿ ಚೌಕಾಸಿ ಮಾಡುವ ಹಾಗಿಲ್ಲ. ಸಾಲದ್ದಕ್ಕೆ ಅದು ಆನ್‌ಲೈನ್‌ನಲ್ಲಿ ಗಿರಾಕಿಗಳಿಗೂ ಮಾರುತ್ತದೆ. ಅಂದರೆ ನಮಗೆ ಮಾಲು ಕೊಡುವವರೇ ನಮ್ಮ ಎದುರಾಳಿ. ಗಿರಾಕಿ ನನ್ನ ಮುಂದೆಯೇ ಮೊಬೈಲ್ ತೆಗೆದು ಅವರ ಬೆಲೆ ನೋಡುತ್ತಾನೆ. ನನ್ನ ಹತ್ತಿರ ಇರುವ ಡಬ್ಬಿ ಪಕ್ಕದ ಬೀದಿಯವನ ಹತ್ತಿರವೂ ಇದೆ, ಅದೇ ದರಕ್ಕೆ ತಂದದ್ದು. ಉಳಿದದ್ದು ಏನು? ಬಾಡಿಗೆ, ಜಾಗ, ಆಮೇಲೆ ಕೌಂಟರ್‌ನಲ್ಲಿ ನಿಂತವರ ಬಾಯಿ.

ಕೆನಡಾ ಗಾಂಜಾವನ್ನು ಕಾನೂನುಬದ್ಧ ಮಾಡಿದ್ದು 2018ರ ಅಕ್ಟೋಬರ್ 17ಕ್ಕೆ. ಒಂಟಾರಿಯೊದಲ್ಲಿ ಅಂಗಡಿಗಳು ಬಂದದ್ದು 2019ರ ಏಪ್ರಿಲ್‌ನಲ್ಲಿ, ಅದೂ ಮೊದಲ ಸುತ್ತಿನಲ್ಲಿ ಲಾಟರಿ ಎತ್ತಿ 25 ಅವಕಾಶ ಅಷ್ಟೇ. 2020ರ ಜನವರಿಯಿಂದ ಲಾಟರಿ ಹೋಯಿತು, ಯಾರು ಬೇಕಾದರೂ ಅರ್ಜಿ ಹಾಕಬಹುದು ಅಂತಾಯಿತು. ನಾನು ಅರ್ಜಿ ಹಾಕಿದ್ದು ಆ ವರ್ಷದ ಜುಲೈಯಲ್ಲಿ.

ಲೈಸೆನ್ಸ್ ಕೊಡುವುದು ಎಜಿಸಿಒ, ಅಂದರೆ ಮದ್ಯ ಮತ್ತು ಜೂಜು ನೋಡಿಕೊಳ್ಳುವ ಆಯೋಗ. ಒಂದೇ ಕಾಗದ ಅಂದುಕೊಂಡಿದ್ದೆ, ಮೂರು ಇದ್ದವು. ನಡೆಸುವವನಿಗೆ ಆಪರೇಟರ್ ಲೈಸೆನ್ಸ್, ಆಗ 6,000 ಡಾಲರ್. ಅಂಗಡಿಗೆ ಬೇರೆ ಅನುಮತಿ, 4,000. ನಮ್ಮದು ಕಂಪನಿ ಆದ್ದರಿಂದ ಮ್ಯಾನೇಜರ್ ಲೈಸೆನ್ಸ್ ನಾನೇ ತೆಗೆದುಕೊಂಡೆ, 750. ತೆರಿಗೆ ಬಾಕಿ ಇಲ್ಲ ಅನ್ನುವುದಕ್ಕೆ ಪ್ರಮಾಣ ಬೇಕು. ದುಡ್ಡು ಎಲ್ಲಿಂದ ಬಂತು, ಯಾರ ಪಾಲು ಎಷ್ಟು, ಎಲ್ಲ ಬಿಚ್ಚಿಡಬೇಕು. ನನ್ನ ಭಾವ ಹದಿನೈದು ಸಾವಿರ ಡಾಲರ್ ಕೈಸಾಲ ಕೊಟ್ಟಿದ್ದರು. ಮನೆಯವರ ಮಧ್ಯೆ ಪತ್ರ ಯಾಕೆ ಅಂತ ಬರೆಸಿಕೊಂಡಿರಲಿಲ್ಲ. ಅದೊಂದಕ್ಕೆ ಮೂರು ವಾರ ಓಡಾಡಿದೆ.

ಆದರೂ ನನ್ನನ್ನು ಹಣ್ಣು ಮಾಡಿದ್ದು ಈ ಫೀ ಅಲ್ಲ, ಜಾಗ.

ನಾನು ಆಗ ಇದ್ದದ್ದು ಮಿಸಿಸಾಗಾದಲ್ಲಿ. ಆ ನಗರ ಆಗ ಅಂಗಡಿಗಳೇ ಬೇಡ ಅಂತ ಹೊರಗುಳಿದಿತ್ತು. ಊರೂರಿಗೆ ಆ ಆಯ್ಕೆ ಕೊಟ್ಟಿದ್ದರು. ಮಿಸಿಸಾಗಾ ಮನಸ್ಸು ಬದಲಿಸಿದ್ದು 2023ರಲ್ಲಿ. ಹಾಗಾಗಿ ಹ್ಯಾಮಿಲ್ಟನ್ ಹುಡುಕಿದೆ. ಮೊದಲು ಸಿಕ್ಕ ಜಾಗ ಚಿನ್ನದಂತಿತ್ತು. ಬಸ್ ಸ್ಟಾಪ್ ಎದುರಿಗೆ, ಪಕ್ಕದಲ್ಲೇ ಪಿಜ್ಜಾ ಅಂಗಡಿ. ಶಾಲೆಯಿಂದ 150 ಮೀಟರ್ ಒಳಗೆ ಅಂಗಡಿ ಇರುವ ಹಾಗಿಲ್ಲ ಅನ್ನುವುದು ಗೊತ್ತಿತ್ತು. ಮ್ಯಾಪ್ ನೋಡಿದೆ, ಯಾವ ಶಾಲೆಯೂ ಕಾಣಲಿಲ್ಲ. ಮುಂಗಡ ಕೊಟ್ಟೆ. ಆಮೇಲೆ ಗೊತ್ತಾಯಿತು, ಹಿಂದಿನ ಬೀದಿಯ ಕಟ್ಟಡವೊಂದರ ಮಹಡಿಯಲ್ಲಿ ಒಂದು ಪುಟ್ಟ ಖಾಸಗಿ ಶಾಲೆ. ಬೋರ್ಡು ಕೂಡ ಒಂದು ಎ4 ಹಾಳೆಯಷ್ಟೇ. ಖಾಸಗಿ ಶಾಲೆಯೂ ಲೆಕ್ಕಕ್ಕೆ ಬರುತ್ತದೆ. ಮುಂಗಡದಲ್ಲಿ ಅರ್ಧ ಹೋಯಿತು. ಶಿಕ್ಷಣ ಇಲಾಖೆ ಖಾಸಗಿ ಶಾಲೆಗಳ ಪಟ್ಟಿಯನ್ನು ಎಲ್ಲರಿಗೂ ಸಿಗುವಂತೆ ಹಾಕಿದೆ. ಅದನ್ನು ನೋಡಲು ಹತ್ತು ನಿಮಿಷ ಸಾಕಿತ್ತು. ಮ್ಯಾಪ್ ನಂಬಿ ಕೂತದ್ದು ನನ್ನದೇ ದಡ್ಡತನ.

ಎರಡನೇ ಜಾಗ 'ಮೌಂಟನ್' ಮೇಲೆ. ಹ್ಯಾಮಿಲ್ಟನ್ ಊರನ್ನು ಒಂದು ಉದ್ದನೆಯ ಕಡಿದಾದ ದಿಣ್ಣೆ ಎರಡು ಮಾಡುತ್ತದೆ. ಅದರ ಎತ್ತರ ಸುಮಾರು ನೂರು ಮೀಟರ್, ಅದಕ್ಕೆ ಇವರು ಬೆಟ್ಟ ಅಂತಾರೆ. ಇರಲಿ. ಅಲ್ಲೊಂದು ಹಳೇ ಪ್ಲಾಜಾ, ಖಾಲಿಯಾದ ಡಿವಿಡಿ ಅಂಗಡಿ. ಮಾಲೀಕರು ಮೊದಲು ಒಪ್ಪಲಿಲ್ಲ. ಅವರ ಸಾಲ ಇದ್ದ ಬ್ಯಾಂಕಿಗೆ ಇಂಥ ಬಾಡಿಗೆದಾರ ಬೇಡವಂತೆ. ಕೊನೆಗೆ ಬಾಡಿಗೆ ಏರಿಸಿ ಒಪ್ಪಿದರು. ನಾನೂ ಅವಸರದಲ್ಲಿ ಸಹಿ ಹಾಕಿದೆ, ಐದು ವರ್ಷಕ್ಕೆ.

ಇಲ್ಲಿ ನಿಂತು ಹೇಳಬೇಕು. ಅಂಗಡಿಯ ಅನುಮತಿ ಕೇಳಬೇಕಾದರೆ ಜಾಗ ನಿಮ್ಮ ಕೈಯಲ್ಲಿರಬೇಕು. ಅಂದರೆ ಬಾಡಿಗೆ ಮೊದಲು, ಅನುಮತಿ ಆಮೇಲೆ. ಆ ದಿನಗಳಲ್ಲಿ ಅರ್ಜಿ ರಾಶಿ ಬಿದ್ದಿತ್ತು. ಮೊದಲು ತಿಂಗಳಿಗೆ 20 ಅಂಗಡಿಗಳಿಗೆ ಅನುಮತಿ ಸಿಗುತ್ತಿತ್ತು, ಆ ಶರತ್ಕಾಲದಲ್ಲಿ 40 ಮಾಡಿದರು. ನಾನು ಸೆಪ್ಟೆಂಬರ್‌ನಲ್ಲಿ ಬಾಡಿಗೆ ಶುರು ಮಾಡಿ ಏಪ್ರಿಲ್‌ನಲ್ಲಿ ಬಾಗಿಲು ತೆರೆದೆ. ಏಳು ತಿಂಗಳು ಖಾಲಿ ಗೋಡೆಗಳಿಗೆ ಬಾಡಿಗೆ ಕಟ್ಟಿದ್ದೇನೆ. ಕರಾರಿನಲ್ಲಿ "ಅನುಮತಿ ಬರುವ ತನಕ ಅರ್ಧ ಬಾಡಿಗೆ, ಬರದಿದ್ದರೆ ಕರಾರು ರದ್ದು" ಅಂತ ಎರಡು ಸಾಲು ಬರೆಸಿಕೊಂಡಿದ್ದರೆ ಸಾಕಿತ್ತು. ವಕೀಲರಿಗೆ ಕೊಡುವ ಸಾವಿರ ಡಾಲರ್ ಉಳಿಸಲು ಹೋಗಿ ಈ ಗತಿ.

ಒಂದು ಮಾತ್ರ ಸರಿ ಮಾಡಿದೆ. ಇದೇ ಪ್ಲಾಜಾದಲ್ಲಿ ಇನ್ನೊಂದು ಕ್ಯಾನಬಿಸ್ ಅಂಗಡಿಗೆ ಜಾಗ ಕೊಡುವ ಹಾಗಿಲ್ಲ ಅಂತ ಬರೆಸಿಕೊಂಡೆ. ಯಾಕೆಂದರೆ ಒಂಟಾರಿಯೊದಲ್ಲಿ ಶಾಲೆಯಿಂದ ದೂರ ಇರಬೇಕು ಅಂತ ಕಾನೂನಿದೆ, ಒಂದು ಅಂಗಡಿಯಿಂದ ಇನ್ನೊಂದು ಇಷ್ಟು ದೂರ ಇರಬೇಕು ಅಂತ ಇಲ್ಲ. ಟೊರೊಂಟೊದ ಕ್ವೀನ್ ಸ್ಟ್ರೀಟ್ ವೆಸ್ಟ್‌ನಲ್ಲಿ ನಡೆದು ನೋಡಿ. ನಮ್ಮಲ್ಲಿ ಮೊಬೈಲ್ ಅಂಗಡಿಗಳು ಸಾಲಾಗಿ ನಿಂತ ಹಾಗೆ ನಿಂತಿವೆ.

ಅಂಗಡಿ ಗಾಜಿಗೆ ಹದಿನೈದು ದಿನ ನೋಟಿಸ್ ಅಂಟಿಸಬೇಕು. ಅಕ್ಕಪಕ್ಕದವರು ಆಕ್ಷೇಪ ಹೇಳಬಹುದು. ರಸ್ತೆಯಾಚೆ ಮನೆಯ ಅಜ್ಜಿಯೊಬ್ಬರು ದಿನಾ ಬಂದು ಕನ್ನಡಕ ಏರಿಸಿಕೊಂಡು ಓದಿ ಹೋಗುತ್ತಿದ್ದರು. ನನಗೆ ಎದೆ ಡವಡವ. ಅಂಗಡಿ ತೆರೆದ ಮೇಲೆ ಅವರು ಮೊದಲ ವಾರದಲ್ಲೇ ಗಿರಾಕಿ ಆದರು.

ಒಳಗಿನ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಬಾಗಿಲು, ಕೌಂಟರ್, ಗೋದಾಮು, ಮಾಲು ಇಳಿಸುವ ಜಾಗ, ಎಲ್ಲ ಕಡೆ ಕ್ಯಾಮೆರಾ. ಹೊರಗಿನಿಂದ ಮಾಲು ಕಾಣದ ಹಾಗೆ ಗಾಜಿಗೆಲ್ಲ ಮಂಜು ಹಾಳೆ. ಕೆಲಸಕ್ಕೆ ಸೇರುವ ಪ್ರತಿಯೊಬ್ಬರೂ ಕ್ಯಾನ್‌ಸೆಲ್ ಅನ್ನುವ ತರಬೇತಿ ಮುಗಿಸಿರಬೇಕು. ಬ್ಯಾಂಕ್ ಖಾತೆ ಮಾತ್ರ ದೊಡ್ಡ ತಲೆನೋವಾಯಿತು. ಹತ್ತು ವರ್ಷ ನನ್ನ ಸಂಬಳ ಹಾಕಿಸಿಕೊಂಡ ಬ್ಯಾಂಕು, ವ್ಯಾಪಾರ ಯಾವುದು ಅಂತ ಕೇಳಿದ ಮೇಲೆ ಫೋನನ್ನೇ ಎತ್ತಲಿಲ್ಲ. ಕೊನೆಗೆ ಒಂದು ಕ್ರೆಡಿಟ್ ಯೂನಿಯನ್ ತೆಗೆದುಕೊಂಡಿತು. ಅದು ನಮ್ಮ ಸಹಕಾರಿ ಬ್ಯಾಂಕಿನ ಹಾಗೆ. ತಿಂಗಳಿಗೆ ಅವರ ಫೀ ನೋಡಿದರೆ ಕಣ್ಣಲ್ಲಿ ನೀರು ಬರುತ್ತದೆ.

ಏಪ್ರಿಲ್‌ನಲ್ಲಿ ತೆರೆದೆ ಅಂದೆನಲ್ಲ. ಅದೇ ಹೊತ್ತಿಗೆ ಕೋವಿಡ್ ಮೂರನೇ ಅಲೆ, ಮನೆಯಲ್ಲೇ ಇರಿ ಅಂತ ಆದೇಶ. ಗಿರಾಕಿ ಒಳಗೆ ಬರುವ ಹಾಗಿಲ್ಲ. ಬಾಗಿಲ ಹತ್ತಿರ ಕೊಡಬಹುದು, ಇಲ್ಲವೇ ಮನೆಗೆ ತಲುಪಿಸಬಹುದು. ಲಕ್ಷ ಡಾಲರ್ ಹತ್ತಿರ ಸುರಿದು ಮಾಡಿಸಿದ ಒಳಾಂಗಣವನ್ನು ಜೂನ್ ತನಕ ನೋಡಿದವರು ನಾನು, ನನ್ನ ಇಬ್ಬರು ಬಡ್‌ಟೆಂಡರ್‌ಗಳು, ಮತ್ತೆ ಕ್ಯಾಮೆರಾಗಳು. ಬಡ್‌ಟೆಂಡರ್ ಅಂದರೆ ಕೌಂಟರ್‌ನಲ್ಲಿ ನಿಂತು ಮಾಲಿನ ಬಗ್ಗೆ ಹೇಳುವವರು. ನಾನು ಬಾಗಿಲಲ್ಲಿ ಮೇಜು ಹಾಕಿಕೊಂಡು, ಕೋಟು ತೊಟ್ಟು, ಚೀಲ ಕೊಡುತ್ತಿದ್ದೆ. ಸಂತೆಯಲ್ಲಿ ಕೂತ ಹಾಗೆ.

ಜೂನ್‌ನಲ್ಲಿ ಬಾಗಿಲು ತೆರೆಯಿತು. ಸೆಪ್ಟೆಂಬರ್‌ನಲ್ಲಿ ರಸ್ತೆಯಾಚೆ ಇನ್ನೊಂದು ಅಂಗಡಿ ತೆರೆಯಿತು. ನನ್ನ ಕರಾರಿನ ಸಾಲು ನನ್ನ ಪ್ಲಾಜಾಕ್ಕೆ ಮಾತ್ರ. ರಸ್ತೆ ದಾಟಿದರೆ ಅದಕ್ಕೆ ಕಿಮ್ಮತ್ತಿಲ್ಲ. ಅದು ಹತ್ತಾರು ಅಂಗಡಿಗಳ ದೊಡ್ಡ ಸರಣಿ. ಅಸಲಿಗೇ ಮಾರಿದರೂ ಒಂದು ವರ್ಷ ತಡೆದುಕೊಳ್ಳುವ ಶಕ್ತಿ ಅವರಿಗಿತ್ತು. ಆ ವರ್ಷವೇ ಪ್ರಾಂತ್ಯದಲ್ಲಿ ಅಂಗಡಿಗಳು ಸಾವಿರ ದಾಟಿದ್ದವು. ನಾನೂ ಬೆಲೆ ಇಳಿಸಿದೆ. ಎರಡು ತಿಂಗಳಲ್ಲಿ ಮಾರಾಟ ಜಾಸ್ತಿ ಆಯಿತು, ಕೈಗೆ ಬರುವುದು ಕಡಿಮೆ ಆಯಿತು. ಆ ಆಟ ನನ್ನಂಥವನದಲ್ಲ ಅಂತ ಗೊತ್ತಾಗಲು ಅಷ್ಟು ಸಾಕು.

ನನ್ನನ್ನು ಉಳಿಸಿದ್ದು ತರಕಾರಿ. ನಿಜವಾಗಿ. ಪ್ರತಿ ಡಬ್ಬಿಯ ಮೇಲೂ ಪ್ಯಾಕ್ ಮಾಡಿದ ದಿನಾಂಕ ಇರುತ್ತದೆ. ಫ್ಲವರ್ ಅಂದರೆ ಕೊನೆಗೂ ಒಣಗಿದ ಹೂವೇ. ತಿಂಗಳುಗಟ್ಟಲೆ ಗೋದಾಮಿನಲ್ಲಿ ಕೂತರೆ ಪುಡಿಪುಡಿ ಆಗುತ್ತದೆ, ವಾಸನೆ ಹೋಗುತ್ತದೆ. ಹಳೇ ಕೊತ್ತಂಬರಿ ಥರ. ಎದುರಿನವರು ರಿಯಾಯಿತಿಗೆ ಅಂತ ರಾಶಿ ತರುತ್ತಿದ್ದರು. ನಾನು ಬ್ರ್ಯಾಂಡುಗಳನ್ನು ಅರ್ಧಕ್ಕೆ ಇಳಿಸಿದೆ. ಸ್ವಲ್ಪ ಸ್ವಲ್ಪವೇ ತರಿಸುವುದು, ಪದೇ ಪದೇ ತರಿಸುವುದು. ಬಂದ ದಿನವೇ ದಿನಾಂಕ ನೋಡುವುದು, ಹಳೆಯದನ್ನು ಮುಂದೆ ಇಟ್ಟು ಬೆಲೆ ಇಳಿಸಿ ಕಳಿಸುವುದು. ಉಕ್ಕಿನ ಕಾರ್ಖಾನೆಯಿಂದ ಶಿಫ್ಟ್ ಮುಗಿಸಿ ಬರುವ ಗಿರಾಕಿಗಳು ಇದನ್ನು ನನಗಿಂತ ಬೇಗ ಹಿಡಿದರು. ಬಂದವರೇ ಡಬ್ಬಿ ತಿರುಗಿಸಿ ದಿನಾಂಕ ಓದುತ್ತಾರೆ. ಒಂದೆರಡು ಡಾಲರ್ ಜಾಸ್ತಿ ಆದರೂ ಮಾತಾಡುವುದಿಲ್ಲ. 2022ರ ಆಗಸ್ಟ್‌ನಲ್ಲಿ ಸಾಗಣೆ ಕಂಪನಿಯ ಮೇಲೆ ಸೈಬರ್ ದಾಳಿಯಾಗಿ ಪ್ರಾಂತ್ಯಕ್ಕೆಲ್ಲ ಮಾಲು ನಿಂತಾಗ ಮಾತ್ರ ಈ ಜಾಣತನ ಉಲ್ಟಾ ಹೊಡೆಯಿತು. ನನ್ನ ಕಪಾಟು ಖಾಲಿ, ಎದುರಿನವರದು ತುಂಬಿತ್ತು.

ಇನ್ನೊಂದು, ಬಾಯಿಯ ಕೆಲಸ. ಆ ನೋಟಿಸ್ ಓದುತ್ತಿದ್ದ ಅಜ್ಜಿ ಬಂದು ಮಂಡಿ ನೋವಿಗೆ ಏನಿದೆ ಅಂದರು. ನಾವು ಔಷಧಿ ಅಂತ ಏನನ್ನೂ ಹೇಳುವ ಹಾಗಿಲ್ಲ. ಡಾಕ್ಟರನ್ನು ಕೇಳಿ ಅಂದೆ, ಅವರು ಕೇಳಿಕೊಂಡೇ ಬಂದೆ ಅಂದರು. ಗಮ್ಮಿ ತೆಗೆದುಕೊಂಡರು, ಅಂದರೆ ಗಾಂಜಾ ಸೇರಿಸಿದ ಜೆಲ್ಲಿ ಮಿಠಾಯಿ. ಒಂದು ಪ್ಯಾಕೆಟ್‌ನಲ್ಲಿ ಹೆಚ್ಚೆಂದರೆ 10 ಮಿಲಿಗ್ರಾಂ ಟಿಎಚ್‌ಸಿ, ಅಂದರೆ ಅಮಲು ಏರಿಸುವ ಅಂಶ, ಇರಬಹುದು, ಅಷ್ಟೇ ಕಾನೂನು. ಕಾಲು ಭಾಗ ತಿನ್ನಿ, ಎರಡು ಗಂಟೆ ಆಗುವ ತನಕ ಇನ್ನೊಂದು ಚೂರು ಬಾಯಿಗೆ ಹಾಕಬೇಡಿ ಅಂತ ಮೂರು ಸಲ ಹೇಳಿ ಕಳಿಸಿದೆ. ತಿಂದದ್ದು ನಿಧಾನಕ್ಕೆ ಏರುತ್ತದೆ. ಏನೂ ಆಗಲಿಲ್ಲ ಅಂತ ಮತ್ತೆ ತಿಂದವರೇ ಒದ್ದಾಡುವುದು. ಇದನ್ನು ಸಾವಧಾನವಾಗಿ ಹೇಳುವ ಹುಡುಗಿಯೊಬ್ಬಳು ನನ್ನ ಹತ್ತಿರ ಇದ್ದಾಳೆ. ಅವಳ ಸಂಬಳ ಎರಡು ಸಲ ಏರಿಸಿದೆ. ನನ್ನ ಸಂಬಳ ಶುರುವಾದದ್ದೇ ಮೂರನೇ ವರ್ಷದಲ್ಲಿ.

ನಮ್ಮವರಿಗೆ ಒಂದು ಕಿವಿಮಾತು. ಇಲ್ಲಿಂದ ಒಂದು ಗಮ್ಮಿಯನ್ನೂ ಗಡಿ ದಾಟಿಸಬೇಡಿ, ಅದು ಅಪರಾಧ. ಊರಲ್ಲಿ, ಅಂದರೆ ಭಾರತದಲ್ಲಿ, ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ, ಅಲ್ಲಿ ಗಾಂಜಾ ಇಂದಿಗೂ ಜೈಲಿನ ದಾರಿ. ಅಮೆರಿಕದ ಗಡಿಯಲ್ಲಿ ಫೆಡರಲ್ ಕಾನೂನು ನಡೆಯುತ್ತದೆ, ಅದಕ್ಕೂ ಇದು ಆಗದ ವಸ್ತು. ನ್ಯೂಜೆರ್ಸಿಯ ಅಕ್ಕನ ಮನೆಗೆ ಹೊರಟಾಗಲೆಲ್ಲ, ಏನು ಕೆಲಸ ಅಂತ ಕೇಳಿದರೆ ನಿಜ ಹೇಳಲು ನಾಲಿಗೆ ಒದ್ದೆ ಮಾಡಿಕೊಂಡು ನಿಲ್ಲುತ್ತೇನೆ.

ಅವ್ವನ ವಿಷಯ ಬಿಟ್ಟೆ. 2023ರ ಬೇಸಿಗೆಯಲ್ಲಿ ಬಂದಳು. ಅಂಗಡಿ ತೋರಿಸು ಅಂದಳು. ಎರಡು ದಿನ ಏನೇನೋ ನೆಪ ಹೇಳಿದೆ. ಮೂರನೇ ದಿನ ಊಟಕ್ಕೆ ಕೂತಾಗ ಎಲ್ಲ ಹೇಳಿಬಿಟ್ಟೆ. ಅವಳು ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ.

"ಮೌನಪ್ಪಯ್ಯನ ಜಾತ್ರ್ಯಾಗ ಪ್ರಸಾದ ಅಂತ ಕೊಡ್ತಾರಲ್ಲ, ಅದೇ ಏನು?"

ನಮ್ಮೂರ ಹತ್ತಿರದ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಸಣ್ಣ ಪೊಟ್ಟಣ ಕಟ್ಟಿ ಕೊಡುವ ವಿಷಯ ಪತ್ರಿಕೆಗಳಲ್ಲೂ ಬಂದಿತ್ತು. ಅದೇ ಅಂದೆ.

"ಮತ್ತ ಹೂವು ಅಂತ ಯಾಕ ಹೇಳಿದಿ?"

ಮರುದಿನ ಕರೆದುಕೊಂಡು ಹೋದೆ. ಬಾಗಿಲಲ್ಲಿ ನನ್ನ ಬಡ್‌ಟೆಂಡರ್ ಹುಡುಗಿ ತಮಾಷೆಗೆ ಅವ್ವನ ಐಡಿ ಕೇಳಿದಳು. 19 ತುಂಬದವರು ಒಳಗೆ ಬರುವ ಹಾಗಿಲ್ಲ. ಅವ್ವ ಸೆರಗಿನ ಗಂಟು ಬಿಚ್ಚಿ ಆಧಾರ್ ಕಾರ್ಡ್ ತೆಗೆದಳು. ವಾಸನೆ ನೋಡಲು ಕೌಂಟರ್ ಮೇಲೆ ತೂತಿರುವ ಮುಚ್ಚಳದ ಡಬ್ಬಿಗಳನ್ನು ಇಟ್ಟಿರುತ್ತೇವೆ. ಭೂತಗನ್ನಡಿ ಇಟ್ಟು ಒಂದನ್ನು ಬಹಳ ಹೊತ್ತು ನೋಡಿದಳು. ಮೂಗಿಗೆ ಹಿಡಿದಳು. ಹೊಲ ಮಾಡಿದ ಹೆಂಗಸು.

"ಇದರಾಗ ಬೀಜಾನೇ ಇಲ್ಲಲ್ಲೋ" ಅಂದಳು. "ಮುಂದಿನ ವರ್ಷ ಏನ್ ಬಿತ್ತಾವ್ರು ಇವ್ರು?"