ಸುಟ್ಟ ಹೆಂಚಿನ ಶಿಲುಬೆ

ಮಂಗಳೂರಿನ ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ, ಅಂದರೆ ಚರ್ಚಿನ, ಹಳೆಯ ಹಾಲ್‌ನ ಮಾಡು ಇಳಿಸಿದಾಗ ಗಟ್ಟಿ ಹೆಂಚುಗಳು ಮಾರಾಟವಾದವು, ಒಡೆದವು ಅಂಗಳದಲ್ಲೇ ಉಳಿದವು. ಅವುಗಳಿಂದ ಈಸ್ಟರ್‌ಗೆ ಒಂದು ಶಿಲುಬೆ ಮಾಡಲೇ ಎಂದು ಸಭೆಯ ಪಾದ್ರಿ ಅಯ್ಯನವರನ್ನು ಕೇಳಿದೆ. ತಮ್ಮ ತೀರಿಕೊಂಡ ವರ್ಷ ಅದು. ಪ್ರಾರ್ಥನೆಗೆ ಕೂತರೆ ಮಾತು ಬರುತ್ತಿರಲಿಲ್ಲ. ಕೈಗೊಂದು ಕೆಲಸ ಬೇಕಿತ್ತು.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆಯ ಹೆಂಚುಗಳವು. ಕ್ರೈಸ್ತರಾದ ಮೇಲೆ ಕುಲಕಸುಬು ಕಳೆದುಕೊಂಡ ಎಷ್ಟೋ ಜನರ ಹೊಟ್ಟೆ ತುಂಬಿಸಿದ ಮಣ್ಣು ಅದು. ಪಾಚಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ಚೂರುಗಳನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿದೆ. ಒಣ ಹೆಂಚು ಗಾರೆಯ ನೀರನ್ನೆಲ್ಲ ಹೀರಿಕೊಳ್ಳುತ್ತದೆ, ಆಮೇಲೆ ಹಿಡಿತವೇ ಇರುವುದಿಲ್ಲ. ನಮ್ಮ ಮಳೆಗೆ ಪ್ಲೈವುಡ್ ಉಬ್ಬುವುದರಿಂದ ಹಿಂದೆ ಸಿಮೆಂಟ್ ಬೋರ್ಡ್ ಇಟ್ಟೆ. ಏಣುಗಳಿದ್ದ ಚೂರುಗಳನ್ನು ಅಂಚಿಗೆ, ಚಪ್ಪಟೆಯವನ್ನು ನಡುವಿಗೆ ಜೋಡಿಸಿದೆ.

ಒಡೆದವರನ್ನು ದೇವರು ಮತ್ತೆ ರೂಪಿಸುತ್ತಾನೆ ಎನ್ನುವಾಗೆಲ್ಲ ಚರ್ಚಿನ ಪ್ರಸಂಗದಲ್ಲಿ ಬೈಬಲ್ಲಿನ ಯೆರೆಮೀಯ ಪ್ರವಾದಿಯ ಪುಸ್ತಕದ 18ನೇ ಅಧ್ಯಾಯ ಬರುತ್ತದೆ. ಆದರೆ ಅಲ್ಲಿ ಕುಂಬಾರನ ಕೈಯಲ್ಲಿರುವುದು ಹಸಿ ಮಣ್ಣು. ಕೆಟ್ಟರೆ ಮುದ್ದೆಮಾಡಿ ಮತ್ತೆ ತಿಗರಿಗೆ ಹಾಕಬಹುದು. ಮುಂದಿನ ಅಧ್ಯಾಯದಲ್ಲಿ ಪ್ರವಾದಿ ಒಡೆಯುವುದು ಸುಟ್ಟ ಕೊಡವನ್ನು, ಅದು ಇನ್ನು ಸರಿಹೋಗದು ಎಂದೇ ಬರೆದಿದೆ. ನನ್ನೆದುರು ಇದ್ದದ್ದು 19ನೇ ಅಧ್ಯಾಯ. ತಮ್ಮ ತಿರುಗಿ ಬರುವುದಿಲ್ಲ, ಈ ಚೂರು ಇನ್ನೊಮ್ಮೆ ಹೆಂಚಾಗುವುದಿಲ್ಲ. ಹೆಂಚು ತಿಕ್ಕುತ್ತಾ ಕೂತಾಗ ಮತ್ತಾಯನ ಸುವಾರ್ತೆಯ ಕುಂಬಾರನ ಹೊಲ ನೆನಪಾಯಿತು. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನು ಅದಕ್ಕೆ ಪಡೆದು ಆಮೇಲೆ ಬಿಸಾಡಿದ ಮೂವತ್ತು ಬೆಳ್ಳಿ ನಾಣ್ಯದಿಂದ, ಪರದೇಶಿಗಳನ್ನು ಹೂಳಲೆಂದು ಕೊಂಡ ಜಾಗ. ಕುಂಬಾರನ ಹೊಲವೆಂದ ಮೇಲೆ ಅಲ್ಲಿ ಒಡಕು ಚೂರುಗಳು ಬಿದ್ದಿರಲೇಬೇಕಲ್ಲ? ಹಾಗಾದರೆ ಕ್ರಿಸ್ತನ ರಕ್ತದ ಬೆಲೆ ಸಂದದ್ದು ಅಂಥ ನೆಲಕ್ಕೆ. (ಇದು ಯಾವ ವ್ಯಾಖ್ಯಾನದಲ್ಲಿ ಓದಿದ್ದೂ ಅಲ್ಲ, ನನ್ನದೇ ಊಹೆ.) ಅವತ್ತು ಬಹಳ ದಿನಗಳ ಮೇಲೆ ಬಾಯಿಬಿಟ್ಟು ಪ್ರಾರ್ಥಿಸಿದೆ.

ಸಂದು ತುಂಬುವಾಗ ಜಗಳ ಬಂತು. ರೆಡ್ ಆಕ್ಸೈಡ್ ಬೆರೆಸಿದರೆ ಗೆರೆ ಕಾಣುವುದಿಲ್ಲ ಎಂದರು ಸಭೆಯ ಹಿರಿಯರೊಬ್ಬರು. ನಾನು ಬಿಳಿ ಸಿಮೆಂಟೇ ಹಾಕಿದೆ. ಸತ್ತು ಎದ್ದುಬಂದ ಯೇಸು, ನಂಬದಿದ್ದ ಶಿಷ್ಯ ತೋಮನಿಗೆ ತೋರಿಸಿದ್ದು ಗಾಯವನ್ನೇ, ನಾನೇಕೆ ಮುಚ್ಚಲಿ? ಆದರೆ ಬಿಳಿ ಸಿಮೆಂಟ್ ಬಳಸುವವರು ಗಮನಿಸಿ: ಹೆಂಚಿನ ಮೇಲೆ ಒಣಗಲು ಬಿಡಬೇಡಿ, ಒದ್ದೆ ಸ್ಪಂಜಿನಿಂದ ಆಗಿಂದಾಗಲೇ ಒರೆಸಿ, ಇಲ್ಲವಾದರೆ ಬೂದಿ ಬಳಿದಂತೆ ಕಲೆ ಉಳಿಯುತ್ತದೆ. ಶಿಲುಬೆಯೀಗ ಹೊಸ ಹಾಲ್‌ನ ಬಾಗಿಲ ಪಕ್ಕದಲ್ಲಿದೆ. ಆ ಹಿರಿಯರು ಇನ್ನೂ ಒಪ್ಪಿಲ್ಲ.