ನಮ್ಮ ಊರಿನ ಹದಿಹರೆಯದವರಿಗೆ ಒಂದು ಜಾಗ: ನನ್ನ ಅನುಭವ

ನಮ್ಮದು ಚಿಕ್ಕ ಊರು. ಸಂಜೆಯಾದರೆ ಹದಿಹರೆಯದ ಮಕ್ಕಳಿಗೆ ಹೋಗಲು ಜಾಗವೇ ಇರಲಿಲ್ಲ. ಬಸ್ ನಿಲ್ದಾಣದ ಕಟ್ಟೆ ಮೇಲೆ ಕೂರುತ್ತಿದ್ದರು, ಯಾರಾದರೂ ಗದರಿದರೆ ಎದ್ದು ಹೋಗುತ್ತಿದ್ದರು. ನೋಡಿ ಸಂಕಟವಾಗುತ್ತಿತ್ತು.

ಖಾಲಿ ಬಿದ್ದಿದ್ದ ಕಟ್ಟಡವೊಂದನ್ನು ಕೇಳಿ ಪಡೆದೆವು. ಬಣ್ಣ ಹೊಡೆದೆವು, ಟೇಬಲ್ ಟೆನ್ನಿಸ್ ಮೇಜು ಹಾಕಿದೆವು. ಮೊದಲ ವಾರ ಬಂದವರು ಮೂವರು. ಎಲ್ಲವನ್ನೂ ದೊಡ್ಡವರೇ ತೀರ್ಮಾನಿಸಿದ್ದೆವು. ತಪ್ಪಾಗಿದ್ದು ಅಲ್ಲೇ.

ಆ ಮೂವರನ್ನೇ ಕೂರಿಸಿಕೊಂಡು ಕೇಳಿದೆ. ಒಬ್ಬಳು ಬಿಳಿ ಗೋಡೆ ತೋರಿಸಿ, 'ಆಸ್ಪತ್ರೆ ತರ ಇದೆ' ಅಂದಳು. ಮರುದಿನ ಬ್ರಷ್ ಅವರ ಕೈಗೇ ಕೊಟ್ಟೆವು. ತೆರೆಯುವ ಸಮಯ, ನಿಯಮ ಎಲ್ಲ ಅವರೇ ಬರೆದರು. ನಾವು ಬಿಡದೆ ಹಿಡಿದದ್ದು ಒಂದೇ: ಬಾಗಿಲು ತೆರೆದಿರುವಷ್ಟು ಹೊತ್ತೂ ಇಬ್ಬರು ದೊಡ್ಡವರು ಇರಲೇಬೇಕು, ಒಬ್ಬರೇ ಯಾವತ್ತೂ ಇರಬಾರದು.

ವಯಸ್ಸಿನದೂ ಒಂದು ತೊಡಕು. ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19ರವರೆಗೆ ಹದಿಹರೆಯ ಎನ್ನುತ್ತದೆ. ಆದರೆ 12ರ ಹುಡುಗ 18ರವರ ಮಧ್ಯೆ ಬಾಯೇ ಬಿಡುವುದಿಲ್ಲ, ಅಲ್ವಾ? ಚಿಕ್ಕ ಮಕ್ಕಳಿಗೆ ಸಂಜೆ 6ರವರೆಗೆ, ದೊಡ್ಡ ಮಕ್ಕಳಿಗೆ ಆಮೇಲೆ ಅಂತ ಮಾಡಿದೆವು.

ಕೊನೆಗೆ ಒಂದು ಮೂಲೆಯನ್ನು ಸುಮ್ನೆ ಕೂರುವವರಿಗೆ ಬಿಟ್ಟೆವು. ಈಗ ಜಾಸ್ತಿ ತುಂಬಿರುವುದು ಆ ಮೂಲೆಯೇ.